ಕಣ್ಣು ಕಾಣದವರ ಕೈಗೊಂದು ಅಡುಗೆ ಪುಸ್ತಕ

ಸಕ್ಕರೆ ಕಾಯಿಲೆಯ ಚಿಕಿತ್ಸೆಯಲ್ಲಿ ಅರ್ಧ ಭಾಗ ನಡೆಯುವುದು ಔಷಧಿ ಅಂಗಡಿಯಲ್ಲಲ್ಲ, ಅಡುಗೆಮನೆಯಲ್ಲಿ. ರಕ್ತದೊತ್ತಡದ ಮಾತೂ ಅಷ್ಟೆ. ಈ ಅಂಕಣ ಓದುವ ನಿಮಗೆಲ್ಲ ಇದು ಗೊತ್ತಿರುವ ಸಂಗತಿಯೇ. ಆದರೆ ಆ ಅಡುಗೆಮನೆಯಲ್ಲಿ ನಿಂತವರಿಗೆ ಕಣ್ಣೇ ಕಾಣದಿದ್ದರೆ? ವೈದ್ಯರು ಕೊಟ್ಟ ಪಥ್ಯದ ಚೀಟಿಯನ್ನು, ಮಗಳು ತಂದುಕೊಟ್ಟ ‘ಮಧುಮೇಹಿಗಳಿಗೆ ಅಡುಗೆ’ ಪುಸ್ತಕವನ್ನು ಅವರು ಓದುವುದು ಹೇಗೆ?

ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಜೋಯಿಡಾ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿ. ವಯಸ್ಸು ಐವತ್ತೈದರ ಆಸುಪಾಸು. ಹದಿನೈದು ವರ್ಷ ಅಂಕೆಯಿಲ್ಲದೆ ಉಳಿದ ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳ ಅಕ್ಷಿಪಟಲವನ್ನು ಹಾಳುಮಾಡಿದೆ. ಮಗ ಬೆಳಿಗ್ಗೆಯೇ ದಾಂಡೇಲಿಗೆ ಕೆಲಸಕ್ಕೆ ಹೋಗುತ್ತಾನೆ, ಸೊಸೆ ಗದ್ದೆಗೆ, ಮೊಮ್ಮಕ್ಕಳು ಶಾಲೆಗೆ. “ಒಲೆ ಹತ್ತಿರ ಹೋಗಬೇಡ, ಅವ್ವಾ” ಎಂದು ಎಲ್ಲರೂ ಹೇಳಿ ಹೋಗಿದ್ದಾರೆ. ಹಗಲೆಲ್ಲ ಆಕೆಯ ಕೈಗೆ ಸಿಗುವುದು ಫ್ಲಾಸ್ಕಿನ ಸಿಹಿ ಚಹ, ಡಬ್ಬಿಯಲ್ಲಿರುವ ಬಿಸ್ಕತ್ತು, ಖಾರಿ, ತಣ್ಣಗಿನ ಅನ್ನ. ಸಂಜೆಯ ಹೊತ್ತಿಗೆ ರಕ್ತದ ಸಕ್ಕರೆ ಮುನ್ನೂರು ದಾಟಿರುತ್ತದೆ. ಗುಳಿಗೆ ಬದಲಿಸಿಕೊಡಿ ಎಂದು ಮಗ ಕೇಳುತ್ತಾನೆ. ಇಂಥ ತಾಯಂದಿರು, ಅಪರೂಪಕ್ಕೆ ಇಂಥ ತಂದೆಯರು, ನಮ್ಮಂಥ ಸಾಮಾನ್ಯ ವೈದ್ಯರ ಮುಂದೆ ಬಂದು ಕೂರುತ್ತಲೇ ಇರುತ್ತಾರೆ. ಬದಲಾಗಬೇಕಾದ್ದು ಗುಳಿಗೆಯೊಂದೇ ಅಲ್ಲ. ನಲವತ್ತು ವರ್ಷ ಮನೆಮಂದಿಗೆಲ್ಲ ಬೇಯಿಸಿ ಹಾಕಿದ ಕೈ ಸುಮ್ಮನೆ ಕುಳಿತಿದೆಯಲ್ಲ, ಅದಕ್ಕೂ ಮದ್ದು ಬೇಕು.

ದೃಷ್ಟಿ ಹೋದವರಿಂದ ಮನೆಯವರು ಮೊದಲು ಕಸಿದುಕೊಳ್ಳುವುದು ಅಡುಗೆಮನೆಯನ್ನು. ಕಸಿಯುವುದು ದ್ವೇಷದಿಂದಲ್ಲ, ಪ್ರೀತಿಯಿಂದ. ಬೆಂಕಿಯ ಭಯ ಸುಳ್ಳೂ ಅಲ್ಲ. ಆದರೂ ಹೊಟ್ಟೆಗೆ ಏನು ಬೀಳಬೇಕೆಂಬ ತೀರ್ಮಾನ ಪೂರ್ತಿಯಾಗಿ ಇನ್ನೊಬ್ಬರ ಕೈಗೆ ಹೋದಾಗ ಪಥ್ಯವೆಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ. ಈ ದೃಷ್ಟಿಯಿಂದ ನೋಡಿದರೆ ಅಡುಗೆ ಪುಸ್ತಕವೊಂದನ್ನು ಅಂಧರು ಓದುವಂತೆ, ಕೇಳುವಂತೆ ಮಾಡಿಕೊಡುವ ಸ್ವಯಂಸೇವಕರ ಕೆಲಸ ಬರೀ ಪುಸ್ತಕ ಸೇವೆಯಲ್ಲ, ಆರೋಗ್ಯ ಸೇವೆಯೂ ಹೌದು.

ಮೊದಲು ಕಣ್ಣಿನ ಪರೀಕ್ಷೆ

ಮುಂದಿನ ಮಾತಿಗೆ ಮೊದಲು ವೈದ್ಯನಾಗಿ ಒಂದು ಎಚ್ಚರಿಕೆ. ‘ಕಣ್ಣು ಹೋಯಿತು’ ಎಂದು ಮನೆಯವರೇ ತೀರ್ಪು ಕೊಟ್ಟು ಕೂಡಬಾರದು. ನಮ್ಮ ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗಕ್ಕೆ ಕಾರಣ ಕಣ್ಣಿನ ಪೊರೆ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಅದು ಅರ್ಧ ಗಂಟೆಯೂ ಹಿಡಿಯದ ಕೆಲಸ. ಆದ್ದರಿಂದ ಮೊದಲು ನೇತ್ರತಜ್ಞರನ್ನು ಕಾಣಬೇಕು. ನಮ್ಮ ಕಡೆಯವರಿಗೆ ಹುಬ್ಬಳ್ಳಿ–ಧಾರವಾಡ ದೂರವೇನಲ್ಲ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿ ಆರಂಭದಲ್ಲಿ ಯಾವ ತೊಂದರೆಯನ್ನೂ ತೋರಿಸುವುದಿಲ್ಲ. ಕಣ್ಣಿಗೆ ಹನಿ ಹಾಕಿ, ಪಾಪೆಯನ್ನು ಹಿಗ್ಗಿಸಿ, ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಮಾತ್ರ ಅದು ತಿಳಿಯುತ್ತದೆ. ಮನೆಯಲ್ಲಿ ಮಧುಮೇಹಿಗಳಿದ್ದರೆ ಈ ಪರೀಕ್ಷೆ ಈ ವರ್ಷ ಆಗಿದೆಯೇ ಎಂದು ಇವತ್ತೇ ಕೇಳಿ.

ಪೂರ್ಣ ಕತ್ತಲೆಯಾಗದೆ ಮಬ್ಬು ದೃಷ್ಟಿ ಉಳಿದವರೂ ಬಹಳ ಮಂದಿ. ಅವರಿಗೆ ಬ್ರೈಲ್ ಬೇಕಿಲ್ಲ. ದಪ್ಪ ಅಕ್ಷರ, ಕಪ್ಪು–ಬಿಳಿಯ ಗಾಢ ವ್ಯತ್ಯಾಸ, ಒಳ್ಳೆಯ ಬೆಳಕು ಸಾಕು. ಪಾಕವಿಧಾನವನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ ಒಂದು ಹಾಳೆಗೆ ಹತ್ತೇ ಸಾಲಿನಂತೆ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ಸ್ಟೀಲ್ ತಟ್ಟೆಯ ಮೇಲೆ ಬಿಳಿ ಅನ್ನ ಇವರಿಗೆ ಕಾಣುವುದಿಲ್ಲ, ಕಡು ಬಣ್ಣದ ತಟ್ಟೆಯಲ್ಲಿ ಹಾಕಿದರೆ ಕಾಣುತ್ತದೆ. ಎಷ್ಟು ಉಣ್ಣುತ್ತಿದ್ದೇವೆಂಬ ಅಂದಾಜೂ ಆಗ ಸಿಗುತ್ತದೆ.

ಪುಸ್ತಕವಿದ್ದರೂ ಓದಲಾಗದು

ಇನ್ನು ಪುಸ್ತಕದ ಮಾತು. ಅಡುಗೆಯ ಬಗ್ಗೆ ಬರೆಯುವುದು ಕನ್ನಡಿಗರಿಗೆ ಹೊಸದಲ್ಲ. 1025ರ ಸುಮಾರಿಗೆ ರಚಿತವಾದ ಎರಡನೇ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ವಿಚಾರವೂ ಸೇರಿದೆ. 16ನೇ ಶತಮಾನದ ಆರಂಭದ ಮೂರನೇ ಮಂಗರಸ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದ. ಷಟ್ಪದಿಯೆಂದರೆ ಕಿವಿಗಾಗಿ ಇರುವ ಛಂದಸ್ಸು. ಒಬ್ಬ ಓದಿದರೆ ಹತ್ತು ಜನ ಕೇಳಿ ನೆನಪಿಟ್ಟುಕೊಳ್ಳಬಹುದು. ನಮ್ಮ ಅಜ್ಜಿಯರ ಅಳತೆಗಳನ್ನೂ ನೋಡಿ. ಅಡಿಕೆ ಗಾತ್ರದ ಬೆಲ್ಲ, ನಿಂಬೆ ಗಾತ್ರದ ಹುಣಸೆ, ಒಂದು ಹಿಡಿ ಬೇಳೆ, ಒಂದು ಚಿಟಿಕೆ ಇಂಗು, ಅಕ್ಕಿಯ ಮೇಲೆ ಬೆರಳಿನ ಒಂದು ಗೆಣ್ಣು ನೀರು. ಇವೆಲ್ಲ ಬೆರಳಿಗೆ ಗೊತ್ತಾಗುವ ಅಳತೆಗಳು, ಇವಕ್ಕೆ ಕಣ್ಣಿನ ಹಂಗಿಲ್ಲ. ಹೊಳಪು ಕಾಗದದ ಮೇಲೆ ಬಣ್ಣದ ಚಿತ್ರ ಹಾಕಿ, ‘ಚಿತ್ರದಲ್ಲಿ ತೋರಿಸಿದಂತೆ ಮಡಿಸಿ’ ಎಂದು ಬರೆಯತೊಡಗಿದ ಮೇಲೆ ಅಡುಗೆ ಪುಸ್ತಕ ಕಣ್ಣಿದ್ದವರ ಸ್ವತ್ತಾಯಿತು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಅದು ಓದಿ ಹೇಳುವುದಿಲ್ಲವೇ ಎಂದು ನೀವು ಕೇಳಬಹುದು. ಹೇಳುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಕನ್ನಡ ಧ್ವನಿಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಲ್ಲೂ ನಡೆಯುತ್ತದೆ. ಕಾಡಿನ ನಡುವೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಜೋಯಿಡಾದವರಿಗೆ ಇದು ಮುಖ್ಯ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಅದನ್ನು 2006ರಲ್ಲಿ ಬರೆಯತೊಡಗಿದ ಆಸ್ಟ್ರೇಲಿಯಾದ ಮೈಕೇಲ್ ಕರನ್ ಸ್ವತಃ ಅಂಧರು. ಆದರೆ ಈ ಯಂತ್ರಗಳು ಓದುವುದು ಅಕ್ಷರವನ್ನು, ಚಿತ್ರವನ್ನಲ್ಲ. ಪುಸ್ತಕದ ಪುಟದ ಫೋಟೋ ಬರೀ ಚಿತ್ರ. ವಾಟ್ಸಾಪ್‌ನಲ್ಲಿ ಬರುವ ಬಣ್ಣಬಣ್ಣದ ಪಾಕವಿಧಾನವೂ ಚಿತ್ರವೇ. ಇನ್ನೊಂದು ತೊಡಕು ನಮ್ಮ ಕನ್ನಡದ್ದೇ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪುಸ್ತಕಗಳ ಕಡತಗಳು ಪರದೆಯ ಮೇಲೆ ಚೆಂದದ ಕನ್ನಡದಂತೆ ಕಂಡರೂ, ಯಂತ್ರಕ್ಕೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲು. ಕೇಳುವವರಿಗೆ ‘ಎ, ಡಬ್ಲ್ಯು, ಝಡ್’ ಎಂಬ ಗಲಾಟೆಯ ಹೊರತು ಬೇರೇನೂ ಕೇಳಿಸದು.

ಸ್ವಯಂಸೇವಕರ ಕೆಲಸ ಇಲ್ಲಿಂದ ಆರಂಭ. ಪುಟಗಳನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ಬಂದದ್ದನ್ನು ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ತಿದ್ದಬೇಕು. ಕನ್ನಡಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ರೂಪಿಸಿದೆ. ಬೇರೆಯವೂ ಇವೆ. ಆದರೆ ಯಾವುದೂ ಮನುಷ್ಯನ ಕಣ್ಣಿಗೆ ಬದಲಿಯಲ್ಲ, ಅದರಲ್ಲೂ ಅಡುಗೆ ಪುಸ್ತಕದ ವಿಷಯದಲ್ಲಿ.

ಯಾಕೆಂದರೆ ಕಾದಂಬರಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಓದುಗ ಊಹಿಸಿಕೊಳ್ಳುತ್ತಾನೆ. ಪಾಕವಿಧಾನದಲ್ಲಿ ‘೧/೨ ಚಮಚ ಉಪ್ಪು’ ಎಂಬುದರ ಗೀಟು ಮಾಯವಾಗಿ ‘೧೨ ಚಮಚ’ ಆದರೆ? ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಯಂತ್ರ ‘೧೦’ ಎಂಬುದನ್ನು ‘೧ಂ’ ಎಂದು ಬರೆದುಕೊಂಡರೆ ಧ್ವನಿ ತಡವರಿಸುತ್ತದೆ. ಸಾಮಗ್ರಿಗಳನ್ನು ಎರಡು ಕಂಬಸಾಲಿನಲ್ಲಿ ಅಚ್ಚು ಹಾಕಿದ್ದರೆ ಯಂತ್ರ ಅಡ್ಡಡ್ಡ ಓದಿ ‘ಕಡಲೆಬೇಳೆ, ಒಣಮೆಣಸಿನಕಾಯಿ, ಒಂದು ಬಟ್ಟಲು, ಎಂಟು’ ಎಂದು ಹೇಳುತ್ತದೆ. ಬಟ್ಟಲು ಯಾವುದಕ್ಕೆ, ಎಂಟು ಯಾವುದಕ್ಕೆ? ದಿನಕ್ಕೆ ಐದು ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚಕ್ಕೆ ಮೀರದಂತೆ ಉಪ್ಪು ತಿನ್ನಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡದ ರೋಗಿಗೆ ಆ ಒಂದು ಗೀಟು ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ. ಅಡುಗೆ ಪುಸ್ತಕದ ಕರಡು ತಿದ್ದುವವರು ಅಂಕಿಗಳನ್ನು ಎರಡು ಸಲ ನೋಡಬೇಕು, ಸಾಧ್ಯವಿದ್ದರೆ ‘ಅರ್ಧ’, ‘ಕಾಲು’ ಎಂದು ಅಕ್ಷರದಲ್ಲೇ ಬರೆಯಬೇಕು.

ಬೆಂಗಳೂರಿನ ‘ಮಿತ್ರಜ್ಯೋತಿ’ ಸಂಸ್ಥೆಯನ್ನು 1990ರಲ್ಲಿ ಆರಂಭಿಸಿದ ಮಧು ಸಿಂಘಾಲ್ ಸ್ವತಃ ದೃಷ್ಟಿಹೀನರು. ಅಲ್ಲಿಯ ಮಾತನಾಡುವ ಪುಸ್ತಕಗಳ ಗ್ರಂಥಾಲಯಕ್ಕೆ ಸ್ವಯಂಸೇವಕರು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡುತ್ತ ಬಂದಿದ್ದಾರೆ. ಬ್ರೈಲ್ ಪುಸ್ತಕಗಳೂ ಅಲ್ಲಿ ತಯಾರಾಗುತ್ತವೆ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. 2016ರಲ್ಲಿ ಕೇಂದ್ರ ಸರ್ಕಾರ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವನ್ನು ತೆರೆಯಿತು. ಅಮೆರಿಕದಲ್ಲಿ 2002ರಲ್ಲಿ ಹುಟ್ಟಿದ ಬುಕ್‌ಶೇರ್ ಬೆಳೆದದ್ದೂ ಮನೆಯಲ್ಲಿ ಕುಳಿತು ಸ್ಕ್ಯಾನ್ ಮಾಡಿ ತಿದ್ದಿದ ಸ್ವಯಂಸೇವಕರಿಂದಲೇ. ಆದರೆ ಎಲ್ಲೆಡೆಯೂ ಪಠ್ಯಪುಸ್ತಕ ಮತ್ತು ಪರೀಕ್ಷೆಯ ಪುಸ್ತಕಗಳ ಬೇಡಿಕೆಯೇ ದೊಡ್ಡದು. ಅದು ನ್ಯಾಯವೇ. ಮಕ್ಕಳ ಪರೀಕ್ಷೆ ಕಾಯುವುದಿಲ್ಲ. ಅಡುಗೆ ಪುಸ್ತಕ ಸಾಲಿನ ಕೊನೆಗೆ ನಿಲ್ಲುತ್ತದೆ, ಮತ್ತು ಅದನ್ನು ಕೇಳಿ ಪಡೆಯುವ ದನಿ ಐವತ್ತೈದರ ತಾಯಿಗೆ ಇರುವುದಿಲ್ಲ.

ಕಾನೂನಿನ ಭಯವೂ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯಂತೆ, ಅಂಗವಿಕಲರು ಓದಲೆಂದು ಪುಸ್ತಕವನ್ನು ಬ್ರೈಲ್, ಧ್ವನಿ ಮುಂತಾದ ರೂಪಕ್ಕೆ ತಂದು ಅವರ ಸ್ವಂತ ಬಳಕೆಗೆ ಕೊಡುವುದು ಕೃತಿಚೌರ್ಯವಲ್ಲ. ಲಾಭಕ್ಕಾಗಿ ಮಾರಬಾರದು, ಅಷ್ಟೆ. ಇದೇ ಉದ್ದೇಶದ ಮರಾಕೆಶ್ ಒಪ್ಪಂದ 2013ರಲ್ಲಿ ಆದಾಗ ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ನಾವು ಹೆಮ್ಮೆಪಡಬಹುದಾದ ವಿಷಯ, ಆದರೆ ಎಷ್ಟು ಮನೆಗಳಿಗೆ ಇದು ಗೊತ್ತಿದೆ?

ಬ್ರೈಲೋ, ಧ್ವನಿಯೋ?

ಅಂಧರೆಂದ ಕೂಡಲೇ ಬ್ರೈಲ್ ಎಂದುಕೊಳ್ಳುವುದು ರೂಢಿ. ಫ್ರಾನ್ಸಿನ ಲೂಯಿ ಬ್ರೈಲ್ ಹತ್ತೊಂಬತ್ತನೇ ಶತಮಾನದಲ್ಲಿ ರೂಪಿಸಿದ ಆರು ಚುಕ್ಕೆಗಳ ಲಿಪಿಯನ್ನು ನಮ್ಮ ಭಾಷೆಗಳಿಗೆಲ್ಲ ಹೊಂದಿಸಿ 1951ರಲ್ಲಿ ‘ಭಾರತಿ ಬ್ರೈಲ್’ ರೂಪುಗೊಂಡಿತು. ಇದರ ಸೊಗಸೆಂದರೆ ಅಕ್ಷರಗಳು ಉಚ್ಚಾರಣೆಯನ್ನು ಅನುಸರಿಸುತ್ತವೆ. ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಒಂದೇ ಚುಕ್ಕೆ, ಒಂದು ಮತ್ತು ಮೂರು. ಮನೆಯಲ್ಲಿ ಮರಾಠಿ, ಕೊಂಕಣಿ, ಸಂತೆಯಲ್ಲಿ ಕನ್ನಡ ಎನ್ನುವ ಹಳಿಯಾಳ, ಜೋಯಿಡಾ ಕಡೆಯ ಹುಡುಗ ಒಂದು ಭಾಷೆಯ ಬ್ರೈಲ್ ಕಲಿತರೆ ಇನ್ನೊಂದನ್ನೂ ಬೆರಳಲ್ಲಿ ಓದಿಯಾನು.

ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಭಾಷೆಗೂ ಬ್ರೈಲ್ ಇದೆ. ಅದನ್ನು 1992ರಲ್ಲಿ ರೂಪಿಸಿದವರು ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಜರ್ಮನಿಯ ಸಬ್ರಿಯೆ ಟೆನ್‌ಬರ್ಕನ್. ತುಕ್ಪಾ ಮಾಡುವ ಬಗೆಯನ್ನು ಒಬ್ಬ ಅಂಧ ಟಿಬೆಟನ್ ಅಜ್ಜಿ ತನ್ನ ಭಾಷೆಯಲ್ಲೇ ಬೆರಳಿನಿಂದ ಓದಬಲ್ಲಳೆಂಬುದು ಕಡಿಮೆ ಮಾತೇ?

ಆದರೂ ವೈದ್ಯಕೀಯ ದೃಷ್ಟಿಯಿಂದ ಒಂದು ಮಾತು. ಹಳೆಯ ಸಕ್ಕರೆ ಕಾಯಿಲೆಯವರ ಬೆರಳ ತುದಿಯ ನರಗಳೂ ಮಂದವಾಗಿರಬಹುದು. ಚುಕ್ಕೆಗಳು ಒಂದರೊಳಗೊಂದು ಕಲಸಿಹೋದಂತೆ ಅನ್ನಿಸುತ್ತವೆ. ಐವತ್ತು ದಾಟಿದ ಮೇಲೆ ಹೊಸ ಲಿಪಿ ಕಲಿಯುವುದೂ ಕಷ್ಟ. ಇವರಿಗೆ ಧ್ವನಿಯೇ ಸರಿ. ಬಾಲ್ಯದಿಂದ ಬ್ರೈಲ್ ಬಲ್ಲವರಿಗೆ ಮಾತ್ರ ಅಡುಗೆಮನೆಯಲ್ಲಿ ಬ್ರೈಲಿನಷ್ಟು ಅನುಕೂಲದ್ದು ಇನ್ನೊಂದಿಲ್ಲ; ಬೇಕಾದ ಸಾಲಿಗೆ ಬೆರಳಿಟ್ಟರಾಯಿತು, ಕುಕ್ಕರಿನ ಸದ್ದಿನ ನಡುವೆಯೂ ಓದಬಹುದು. ಒಂದೇ ತೊಂದರೆಯೆಂದರೆ ಗಾತ್ರ. ನಮ್ಮ ಒಂದು ತೆಳು ಪುಸ್ತಕ ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಏಳು ಕಿಲೋವರೆಗಿನ ಇಂಥ ಕಟ್ಟುಗಳನ್ನು ಭೂಮಾರ್ಗದಲ್ಲಿ ಉಚಿತವಾಗಿ ಸಾಗಿಸುವ ವ್ಯವಸ್ಥೆ ಅಂಚೆ ಇಲಾಖೆಯಲ್ಲಿದೆ.

ಧ್ವನಿಯದೂ ಒಂದು ತೊಡಕಿದೆ. ಒಂದು ಗಂಟೆಯ ಉದ್ದದ ಧ್ವನಿಮುದ್ರಣದಲ್ಲಿ ‘ಮೆಂತ್ಯದ ರೊಟ್ಟಿ’ ಎಲ್ಲಿದೆಯೆಂದು ಹಿಟ್ಟು ಹತ್ತಿದ ಕೈಯಲ್ಲಿ ಹುಡುಕುವುದು ಹೇಗೆ? ಇದಕ್ಕಾಗಿಯೇ ಡೈಸಿ ಎಂಬ ಕ್ರಮವಿದೆ. ಅದರಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆಯಬಹುದು. ಅದು ಆಗದಿದ್ದರೆ ಒಂದು ತಿನಿಸಿಗೆ ಒಂದು ಕಡತ ಎಂದು ಬೇರೆಬೇರೆ ಮುದ್ರಿಸಿದರೂ ಸಾಕು.

‘ಕೆಂಪಗಾಗುವವರೆಗೆ’ ಎಂದರೆ?

ಈಗ ನಿಜವಾದ ಕಷ್ಟಕ್ಕೆ ಬರೋಣ. ಪುಸ್ತಕವನ್ನು ತಪ್ಪಿಲ್ಲದೆ ಧ್ವನಿಗೆ ತಂದರೂ ಅದು ಹೇಳುವುದೇನು? ‘ಈರುಳ್ಳಿ ಕೆಂಪಗಾಗುವವರೆಗೆ ಹುರಿಯಿರಿ’, ‘ಅಂಚು ಹೊಂಬಣ್ಣಕ್ಕೆ ತಿರುಗಿದಾಗ ಮಗುಚಿರಿ’. ಎಲ್ಲವೂ ಕಣ್ಣಿನ ಭಾಷೆ. ಪುಸ್ತಕದ ಮಾತನ್ನು ಬದಲಿಸುವ ಹಕ್ಕು ಸ್ವಯಂಸೇವಕರಿಗಿಲ್ಲ. ಆದರೆ ‘ಓದುವವರ ಟಿಪ್ಪಣಿ’ ಎಂದು ಬೇರೆಯಾಗಿ ಸೇರಿಸಬಹುದು. ಆ ಟಿಪ್ಪಣಿಗೆ ಬೇಕಾದ ಜ್ಞಾನ ನಮ್ಮ ಅಡುಗೆಮನೆಗಳಲ್ಲೇ ಇದೆ.

ಸಾಸಿವೆಗೆ ಕಣ್ಣು ಬೇಕಿಲ್ಲ, ಚಟಪಟ ಸದ್ದು ಶುರುವಾಗಿ ಇಳಿಯುತ್ತಿದ್ದಂತೆ ಬೇಳೆ ಹಾಕಿ. ದೋಸೆ ಹೊಯ್ದಾಗ ಬರುವ ‘ಚುಂಯ್’ ಎಂಬ ಸದ್ದು ಹಿಟ್ಟಿನ ನೀರು ಆವಿಯಾಗುವ ಸದ್ದು. ನೀರು ಮುಗಿಯುತ್ತ ಬಂದಂತೆ ಸದ್ದು ತಗ್ಗುತ್ತದೆ, ಆಗ ಮಗುಚುವ ಸಟ್ಟುಗ ಅಂಚಿನಡಿ ಸಲೀಸಾಗಿ ಜಾರುತ್ತದೆ. ಕರಿದ ತಿಂಡಿಗೂ ಇದೇ ನ್ಯಾಯ. ರವೆ ಹುರಿದದ್ದು ಮೂಗಿಗೆ ಗೊತ್ತಾಗುತ್ತದೆ, ಸೌಟಿಗೆ ಹಗುರವೂ ಆಗುತ್ತದೆ. ಹಾಲಿನ ಪಾತ್ರೆಯ ತಳಕ್ಕೆ ಹಾಕುವ ಬಿಲ್ಲೆ ಹಾಲು ಕುದಿಯುವ ಹೊತ್ತಿಗೆ ಗಲಗಲ ಎನ್ನುತ್ತದೆ. ಒದ್ದೆ ಬೆರಳಿಗೆ ರಾಗಿ ಮುದ್ದೆ ಅಂಟದಿದ್ದರೆ ಬೆಂದಂತೆ. ಎಳೆ ಪಾಕವನ್ನಂತೂ ಕಣ್ಣಿದ್ದವರೂ ಬೆರಳಿನಲ್ಲೇ ನೋಡುತ್ತಾರೆ! ಕುಕ್ಕರಿನ ಸೀಟಿ ಎಣಿಸುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ಎಲ್ಲವನ್ನೂ ಹೀಗೆ ಬಿಡಿಸಲು ಆಗದು. ಕೋಳಿ ಮಾಂಸ ಒಳಗೆ ಬೆಂದಿದೆಯೇ ಎಂಬುದಕ್ಕೆ ಸದ್ದು, ವಾಸನೆಗಳನ್ನು ನಂಬಬೇಡಿ. ಒಳಭಾಗದ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಮಾತನಾಡುವ ಉಷ್ಣಮಾಪಕಗಳು ಸಿಗುತ್ತವೆ. ಇಲ್ಲದಿದ್ದರೆ ಸಣ್ಣ ತುಂಡು ಮಾಡಿ ಕುಕ್ಕರಿನಲ್ಲಿ ಬೇಯಿಸುವುದೇ ಕ್ಷೇಮ. ಅಕ್ಕಿಯಲ್ಲಿ ಹುಳ, ಕೊತ್ತಂಬರಿಯಲ್ಲಿ ಕಸ ಆರಿಸುವ ಕೆಲಸವನ್ನು ಕಣ್ಣಿದ್ದವರು ಮಾಡಿಟ್ಟು ಹೋದರೆ ಚೆನ್ನ.

2012ರಲ್ಲಿ ಅಮೆರಿಕದ ‘ಮಾಸ್ಟರ್‌ಶೆಫ್’ ಸ್ಪರ್ಧೆಯನ್ನು ಗೆದ್ದ ಕ್ರಿಸ್ಟೀನ್ ಹಾ ಅವರಿಗೆ ದೃಷ್ಟಿಯಿಲ್ಲ. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಬಾಧಿಸುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಕಾಯಿಲೆ ಅವರ ಕಣ್ಣನ್ನು ಕಿತ್ತುಕೊಂಡಿತ್ತು. ಮರುವರ್ಷ ಅವರ ಅಡುಗೆ ಪುಸ್ತಕವೇ ಪ್ರಕಟವಾಯಿತು. ದೂರದ ಅಮೆರಿಕದ ಮಾತು ಎನ್ನುವವರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಡಿತ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಿವಿ ಮತ್ತು ಬೆರಳನ್ನು ನಂಬಿ ಎಷ್ಟು ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಲಿಲ್ಲ! ಹಾರ್ಮೋನಿಯಂ ನುಡಿಸುವ ಬೆರಳಿಗೆ ಒಗ್ಗರಣೆ ಸೌಟು ಭಾರವೇ?

ಒಲೆಯ ಮುಂದೆ ಎಚ್ಚರ

ಮನೆಯವರ ಭಯಕ್ಕೂ ಉತ್ತರ ಕೊಡಬೇಕು. ಅಡುಗೆಮನೆಯಲ್ಲಿ ಪ್ರತಿಯೊಂದಕ್ಕೂ ಒಂದೇ ಜಾಗ. ತೆಗೆದವರು ಅಲ್ಲೇ ಇಡಬೇಕು. ಅಂಧರ ಅಡುಗೆಮನೆಯಲ್ಲಿ ಹೆಚ್ಚಿನ ಅವಘಡಗಳನ್ನು ತರುವುದು ಕಣ್ಣಿದ್ದವರ ಅಶಿಸ್ತು. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು. ಫಿನಾಯಿಲ್, ಸೀಮೆಎಣ್ಣೆ ಅಡುಗೆಮನೆಯೊಳಗೆ ಬೇಡವೇ ಬೇಡ. ಗ್ಯಾಸ್ ಗುಂಡಿಯ ‘ಬಂದ್’ ಜಾಗಕ್ಕೆ, ಮಿಕ್ಸಿಯ ಸ್ವಿಚ್ಚಿಗೆ ಹಣೆಗೆ ಹಚ್ಚುವ ಸ್ಟಿಕ್ಕರ್ ಬಿಂದಿಯನ್ನು ಅಂಟಿಸಿದರೆ ಬೆರಳಿಗೆ ಗುರುತು ಸಿಗುತ್ತದೆ. ಪಾತ್ರೆಯನ್ನು ಒಲೆಯ ಮೇಲೆ ನಡುವಿಗೆ ಇಟ್ಟ ಮೇಲೆಯೇ ಬೆಂಕಿ ಹಚ್ಚಬೇಕು. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿರಬೇಕು. ಇಂಡಕ್ಷನ್ ಒಲೆ ಕೊಳ್ಳುವುದಾದರೆ ನುಣುಪಾದ ಗಾಜಿನ ಮೇಲೆ ಮುಟ್ಟುವಂಥದ್ದು ಬೇಡ, ಒತ್ತುವ ಗುಂಡಿಯಿರುವುದನ್ನೇ ಕೇಳಿ ತನ್ನಿ. ಮೊದಲ ಕೆಲವು ವಾರ ಯಾರಾದರೂ ಪಕ್ಕದಲ್ಲಿರಲಿ, ಆದರೆ ಕೈ ಹಾಕದೆ, ಬಾಯಿ ಮುಚ್ಚಿಕೊಂಡು. ಇದೇ ಬಹಳ ಕಷ್ಟದ ಕೆಲಸವೆಂದು ನನ್ನ ಅನಿಸಿಕೆ.

ಸುಟ್ಟರೆ ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಬೇಡಿ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗುಳ್ಳೆ ಒಡೆಯಬೇಡಿ. ಸಕ್ಕರೆ ಕಾಯಿಲೆಯವರ ಸುಟ್ಟ ಗಾಯ ಚಿಕ್ಕದಾದರೂ ಅದೇ ದಿನ ವೈದ್ಯರಿಗೆ ತೋರಿಸಿ. ಮರಗಟ್ಟಿದ ಕೈಯವರಿಗೆ ಬಿಸಿ ಗೊತ್ತಾಗುವುದೇ ತಡ. ಅಂಥವರು ದಪ್ಪ ಬಟ್ಟೆಯ ಕೈಗವುಸಿಲ್ಲದೆ ಪಾತ್ರೆ ಮುಟ್ಟಬಾರದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಈ ಕೆಲಸಕ್ಕೆ ಬೆಂಗಳೂರಿನ ಸ್ಟುಡಿಯೋ ಬೇಕಿಲ್ಲ. ನಿವೃತ್ತ ಶಿಕ್ಷಕಿಯರಿದ್ದಾರೆ, ಕಾಲೇಜು ಓದುವ ಮಕ್ಕಳಿದ್ದಾರೆ, ಕೈಯಲ್ಲಿ ಫೋನಿದೆ. ಜೊತೆಗೆ ನಮ್ಮಲ್ಲಿ ಯಾವ ಪುಸ್ತಕವೂ ಪೂರ್ತಿಯಾಗಿ ಹಿಡಿದಿಡದ ಅಡುಗೆಯಿದೆ. ಜೋಯಿಡಾದ ಕುಣಬಿಗಳಲ್ಲಿ ಗೆಡ್ಡೆಗೆಣಸುಗಳ ಎಷ್ಟು ಬಗೆ! ಹಳಿಯಾಳ, ಮುಂಡಗೋಡದ ಸಿದ್ದಿಯರ ಮನೆಯದು ಬೇರೆಯೇ ರುಚಿ. ಕೆಸುವಿನ ಗೆಡ್ಡೆ ಬಾಯಿ ತುರಿಸದಂತೆ ಹುಳಿ ಹಾಕಿ ಎಷ್ಟು ಹೊತ್ತು ಬೇಯಿಸಬೇಕೆಂಬುದು ಆ ಅಜ್ಜಿಯರ ಬಾಯಲ್ಲಿದೆ. ಅವರಿಂದಲೇ ನೇರವಾಗಿ ಹೇಳಿಸಿ ಮುದ್ರಿಸಿಕೊಂಡರೆ ಅದೇ ಪುಸ್ತಕ. ಗೆಡ್ಡೆಯಲ್ಲಿ ಪಿಷ್ಟ ಹೆಚ್ಚು, ಮಧುಮೇಹಿಗಳು ಅದನ್ನು ಅನ್ನದ ಜೊತೆಗಲ್ಲ, ಅನ್ನದ ಬದಲಿಗೆ ತಿನ್ನಬೇಕೆಂಬ ಮಾತನ್ನು ಕೊನೆಗೆ ಸೇರಿಸಿ.

ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಊರಿನಲ್ಲಿ ದೃಷ್ಟಿಯಿಲ್ಲದವರು ಯಾರು, ಅವರಿಗೆ ಯಾವ ಸಲಕರಣೆ ಸಿಗಬಹುದು ಎಂಬುದು ತಿಳಿಯುತ್ತದೆ. ಓದುವ ಮುನ್ನ ಒಮ್ಮೆ ಮನಸ್ಸಿನಲ್ಲೇ ಓದಿಕೊಳ್ಳಿ. ಫ್ಯಾನ್ ಆರಿಸಿ. ತಿನಿಸಿನ ಹೆಸರು, ಎಷ್ಟು ಜನರಿಗೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಮೊದಲು. ಸಾಮಗ್ರಿಗಳನ್ನು ಒಂದೊಂದಾಗಿ, ಡಬ್ಬಿ ಕೈಗೆತ್ತಿಕೊಳ್ಳುವಷ್ಟು ಬಿಡುವು ಕೊಟ್ಟು ಹೇಳಿ. ನಾಟಕದ ಧ್ವನಿ ಬೇಡ. ಆ ಮನೆಯಲ್ಲಿರುವ ಬಟ್ಟಲು, ಚಮಚಗಳನ್ನೇ ಅಳತೆಗೆ ಇಟ್ಟುಕೊಳ್ಳಿ. ಮೊದಲಿಗೆ ಆಕೆ ದಿನವೂ ತಿನ್ನಬೇಕಾದದ್ದನ್ನೇ ಆರಿಸಿ: ಮೆಂತ್ಯಸೊಪ್ಪಿನ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದೆಲಗದ ತಂಬುಳಿ. ಮುಗಿದ ಮೇಲೆ ಆಕೆಯ ಎದುರೇ ಅದನ್ನು ಕೇಳಿಸಿ, ಆಕೆ ಅಡುಗೆ ಮಾಡಲಿ. ಎಲ್ಲಿ ಆಕೆಯ ಕೈ ನಿಂತು “ಏನಂದಿ?” ಎಂದು ಕೇಳುತ್ತಾಳೋ, ಆ ಸಾಲನ್ನು ಗುರುತು ಹಾಕಿಕೊಂಡು ಮತ್ತೊಮ್ಮೆ ಮುದ್ರಿಸಿ.